ಲೆಕ್ಕ ಒಪ್ಪಿಸುವ ಬದುಕು

ಮೈಸೂರಿನಿಂದ ಹೊರಟ ಬಸ್ಸು ಎಚ್.ಡಿ. ಕೋಟೆ ಮುಟ್ಟುವ ಮೊದಲು ಹ್ಯಾಂಡ್‌ಪೋಸ್ಟಿನಲ್ಲಿ ನಿಲ್ಲುತ್ತದೆ. ಇಲ್ಲಿಂದ ಒಂದು ದಾರಿ ಕೋಟೆಗೆ, ಇನ್ನೊಂದು ಸರಗೂರಿಗೆ. ಕವಲಿನಲ್ಲಿ ಊರುಗಳ ಹೆಸರು ಹೊತ್ತು ಕೈಚಾಚಿ ನಿಲ್ಲುವ ಕಂಬಕ್ಕೆ ಚಿಕ್ಕಮಗಳೂರಿನ ಕಡೆ ಕೈಮರ ಎಂದೂ ಮಂಗಳೂರಿನ ಕಡೆ ಕೈಕಂಬ ಎಂದೂ ಹೆಸರು. ಆ ಹೆಸರಿನ ಊರುಗಳೇ ಅಲ್ಲಿವೆ. ನಮ್ಮ ಕಡೆ ಇಂಗ್ಲಿಷ್ ಹೆಸರೇ ಊರಿಗೆ ನಿಂತಿತು.

ಕ್ರೈಸ್ತ ಸಭೆಗಳಲ್ಲಿ ಎಷ್ಟೋ ಸಲ ಕೇಳುವ ಒಂದು ಮಾತು ನನಗೆ ಈ ಕೈಮರವನ್ನು ನೆನಪಿಗೆ ತರುತ್ತದೆ: ‘ಬದುಕನ್ನು ಪೂರ್ತಿಯಾಗಿ ದೇವರಿಗೆ ಒಪ್ಪಿಸಿಕೊಡಿ.’ ಬಲಿಪೂಜೆಯ ಪ್ರಬೋಧನೆಯಲ್ಲಿ, ಉಪವಾಸ ಪ್ರಾರ್ಥನೆಯಲ್ಲಿ, ಮದುವೆಯ ಆಶೀರ್ವಾದದಲ್ಲಿ, ಮಣ್ಣು ಮಾಡುವಾಗ ಹೇಳುವ ಸಾಂತ್ವನದಲ್ಲಿ ಈ ಮಾತು ಬಂದೇ ಬರುತ್ತದೆ. ದಿಕ್ಕನ್ನು ತೋರಿಸುತ್ತದೆ, ಆದರೆ ದಾರಿಯಲ್ಲಿ ಏನೇನು ಸಿಗುತ್ತದೆಂದು ಹೇಳುವುದಿಲ್ಲ. ಪೂರ್ತಿ ಎಂದರೆ ಹೊಲವೂ ಸೇರಿತೇ? ಸಾಲವೂ ಸೇರಿತೇ? ಜಾತಿ, ಕಾಯಿಲೆ, ಮಕ್ಕಳ ಮದುವೆ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ? ಒಪ್ಪಿಸಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದೇನು? ಸಭೆ ಹುಟ್ಟಿದಂದಿನಿಂದ ಈ ಪ್ರಶ್ನೆಗಳಿವೆ. ಬೇರೆ ಬೇರೆ ಕಾಲದವರು ಇವಕ್ಕೆ ಕೊಟ್ಟ ಉತ್ತರಗಳನ್ನು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ನಿಂತು ಒಮ್ಮೆ ನೋಡಿ ಬರುವುದು ಈ ಬರಹದ ಉದ್ದೇಶ.

ಒಂದು ಮಾತು, ಮೂರು ಕೆಲಸ

ಮೊದಲು ಮಾತನ್ನೇ ನೋಡೋಣ. ‘ಶರಣಾಗು’ ಎಂಬ ಪದ ಕನ್ನಡಿಗರಿಗೆ ಹೊಸದಲ್ಲ. ಕಲ್ಯಾಣದ ಶರಣರು ತನು, ಮನ, ಧನ ಮೂರನ್ನೂ ಗುರು ಲಿಂಗ ಜಂಗಮಕ್ಕೆ ಸವೆಸುವ ಮಾತನ್ನು 12ನೇ ಶತಮಾನದಲ್ಲೇ ಮನೆಮಾತಾಗಿಸಿದರು. ಆದರೆ ಇಂದಿನ ಪತ್ರಿಕೆ ತೆರೆದರೆ ಆರೋಪಿ ಪೊಲೀಸರಿಗೆ ಶರಣಾಗುತ್ತಾನೆ, ಸಾಲಗಾರ ಸಾವಿಗೆ ಶರಣಾಗುತ್ತಾನೆ. ಸೋತವನ ಗುರುತಾಗಿ ಆ ಪದ ಕುಗ್ಗಿಬಿಟ್ಟಿದೆ.

ಸಭೆಯ ಜನ ಹೆಚ್ಚಾಗಿ ಬಳಸುವುದು ‘ಒಪ್ಪಿಸು’ ಎಂಬ ಮಾತನ್ನು. ಇದರ ಬೇರು ‘ಒಪ್ಪು’. ಮನಸ್ಸಿಲ್ಲದವನಿಂದ ಕಿತ್ತುಕೊಳ್ಳಬಹುದು, ಒಪ್ಪಿಸಿಕೊಳ್ಳಲಾಗದು. ಮದುವೆಯ ಕೊನೆಯಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರವಿದೆ. ಕಣ್ಣೀರಿನೊಂದಿಗೇ ನಡೆಯುವ ಕೆಲಸ ಅದು. ಪಾಠ ಒಪ್ಪಿಸುವುದು ಇನ್ನೊಂದು. ನಿನ್ನೆ ಒಪ್ಪಿಸಿದೆನೆಂದು ಇವತ್ತು ಬಿಡುವಂತಿಲ್ಲ, ಮೇಷ್ಟ್ರು ದಿನವೂ ಕೇಳುತ್ತಾರೆ. ಲೆಕ್ಕ ಒಪ್ಪಿಸುವುದು ಮೂರನೆಯದು. ಯಜಮಾನ ನಂಬಿ ಕೊಟ್ಟದ್ದಕ್ಕೆ ಕೆಲಸದವನು ಕೊಡುವ ಜವಾಬು. ಒಮ್ಮೆ ಕೈಬಿಟ್ಟು ಕೊಡುವುದು, ದಿನದಿನವೂ ಮತ್ತೆ ಹೇಳುವುದು, ಕೊನೆಗೆ ಲೆಕ್ಕ ಕೊಡುವುದು: ಕ್ರೈಸ್ತ ಸಮರ್ಪಣೆಯ ಬಗ್ಗೆ ದೇವಶಾಸ್ತ್ರಿಗಳು ದೊಡ್ಡ ದೊಡ್ಡ ಗ್ರಂಥಗಳಲ್ಲಿ ವಾದಿಸಿದ ಮೂರು ಸಂಗತಿಗಳೂ ಈ ಒಂದು ಕನ್ನಡ ಮಾತಿನೊಳಗಿವೆ. ನನ್ನ ಅನಿಸಿಕೆಯಲ್ಲಿ ಇವುಗಳಲ್ಲಿ ನಾವು ಹೆಚ್ಚು ಮರೆತಿರುವುದು ಮೂರನೆಯದನ್ನು.

ಸತ್ಯವೇದದ ಒಪ್ಪಿಸುವವರು

ಸತ್ಯವೇದದಲ್ಲಿ ಎಲ್ಲರೂ ಒಂದೇ ರೀತಿ ಒಪ್ಪಿಸುವುದಿಲ್ಲ. ಮಕ್ಕಳಿಲ್ಲದ ಹನ್ನಳು ಹರಕೆ ಹೊತ್ತು, ಹುಟ್ಟಿದ ಸಮುವೇಲನ ಮೊಲೆ ಬಿಡಿಸಿದ ಮೇಲೆ ದೇವಾಲಯಕ್ಕೆ ಬಿಟ್ಟು ಬಂದಳು. ಯೇಸುವನ್ನು ಹುಡುಕಿಕೊಂಡು ಬಂದ ಐಶ್ವರ್ಯವಂತನು ಎಲ್ಲವನ್ನೂ ಮಾರಿ ಬಡವರಿಗೆ ಕೊಡು ಎಂಬ ಮಾತು ಕೇಳಿ ಮುಖ ಬಾಡಿಸಿಕೊಂಡು ಹೋದ. ಸುಂಕದವನಾದ ಜಕ್ಕಾಯನಿಗೆ ಯೇಸು ಅಂಥ ಅಪ್ಪಣೆ ಕೊಡಲೇ ಇಲ್ಲ. ಆದರೂ ಅವನು ತಾನಾಗಿಯೇ ಆಸ್ತಿಯ ಅರ್ಧ ಬಡವರಿಗೆಂದ, ಮೋಸದಿಂದ ತಕ್ಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದ. ಅನನೀಯ ಮತ್ತು ಸಪ್ಫೈರ ದಂಪತಿ ಹೊಲ ಮಾರಿ ಒಂದು ಪಾಲು ಬಚ್ಚಿಟ್ಟು, ಪೂರ್ತಿ ತಂದೆವೆಂದು ಹೇಳಿದರು. ಹೊಲ ಅವರದೇ, ಹಣವೂ ಅವರದೇ ಆಗಿತ್ತು ಎಂದು ಪೇತ್ರನೇ ಒಪ್ಪಿಕೊಳ್ಳುತ್ತಾನೆ. ಅವರ ತಪ್ಪು ಸುಳ್ಳು ಲೆಕ್ಕ.

ಎಲ್ಲದರ ನಡುವೆ ಗೆತ್ಸೇಮನೆಯ ತೋಟದ ರಾತ್ರಿಯಿದೆ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಯೇಸು ಮೊದಲು ಬೇಡಿಕೊಂಡರು. ತಂದೆಯ ಚಿತ್ತದಂತಾಗಲಿ ಎಂದದ್ದು ಅದಾದ ಮೇಲೆ. ಮನಸ್ಸಿನ ನೋವನ್ನು ನುಂಗಿಕೊಂಡು ಸುಮ್ಮನಿರುವುದೇ ಭಕ್ತಿ ಎನ್ನುವವರು ಈ ಕ್ರಮವನ್ನು ಗಮನಿಸಬೇಕು. ಪೌಲನು ರೋಮಿನವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ದೇಹವನ್ನು ಸಜೀವ ಯಜ್ಞವಾಗಿ ಅರ್ಪಿಸಲು ಕೇಳುತ್ತಾನೆ. ಯಜ್ಞಕ್ಕೆ ಬಿದ್ದದ್ದು ಸಾಯುತ್ತದೆ. ಇದು ಮಾತ್ರ ಬದುಕಿದ್ದು ಮಾರನೆಯ ದಿನ ಹೊಲಕ್ಕೂ ಸಂತೆಗೂ ಹೋಗಬೇಕು. ಅಲ್ಲಿಗೆ ‘ಪೂರ್ತಿ’ ಎಂಬ ಮಾತು ಗುಡಿಯ ಹೊಸ್ತಿಲು ದಾಟಿ ಊರೊಳಗೆ ಬಂದಂತಾಯಿತು.

ಹರಕೆಯ ಬಾಗಿಲು

ನಮ್ಮ ಸೀಮೆಯಲ್ಲಿ ದೇವರಿಗೆ ಕೊಡುವುದು ಎಂದೊಡನೆ ನೆನಪಾಗುವುದು ಹರಕೆ. ಕೆ.ಆರ್. ನಗರದ ಕಡೆಯ ಡೋರ್ನಹಳ್ಳಿಗೆ ಮಂಗಳವಾರ ಹೋದರೆ ಇದು ಕಣ್ಣಿಗೆ ಕಾಣುತ್ತದೆ. ಸಂತ ಅಂತೋಣಿಯವರ ಈ ದೇವಾಲಯಕ್ಕೆ ಕ್ರೈಸ್ತರಷ್ಟೇ ಅಲ್ಲ, ಎಲ್ಲ ಜಾತಿ ಮತದವರೂ ಬರುತ್ತಾರೆ. ಉಳುವಾಗ ರೈತನೊಬ್ಬನಿಗೆ ಮರದ ವಿಗ್ರಹ ಸಿಕ್ಕಿತು, ಬೊಂಬೆಯೆಂದು ಮಕ್ಕಳ ಕೈಗೆ ಆಡಲು ಕೊಟ್ಟ, ಮನೆಗೆ ಕಷ್ಟದ ಮೇಲೆ ಕಷ್ಟ ಬಂತು, ಕೊನೆಗೆ ಕನಸಿನಲ್ಲಿ ಅಪ್ಪಣೆಯಾಗಿ ಗುಡಿ ಕಟ್ಟಿದ: ಇದು ಜನ ಹೇಳಿಕೊಂಡು ಬಂದ ಕಥೆ. 2019ರಲ್ಲಿ ರೋಮ್ ಇದಕ್ಕೆ ಬಸಿಲಿಕದ ಪದವಿ ಕೊಟ್ಟಿತು. ಜೂನ್ 13ರ ಹಬ್ಬಕ್ಕೆ ಊರೇ ತುಂಬಿ ಹೋಗುತ್ತದೆ. ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಹುಟ್ಟಿ 1231ರಲ್ಲಿ ಇಟಲಿಯ ಪಾದುವದಲ್ಲಿ ತೀರಿಕೊಂಡ ಫ್ರಾನ್ಸಿಸ್ಕನ್ ಸನ್ಯಾಸಿಯೊಬ್ಬರು ಕಾವೇರಿ ಬಯಲಿನ ರೈತರಿಗೆ ಹೀಗೆ ಮನೆಯವರಾದರು.

ಹರಕೆಯನ್ನು ಕೊಡುಕೊಳ್ಳುವ ವ್ಯವಹಾರವೆಂದು ಹಳಿಯುವ ಬೋಧಕರಿದ್ದಾರೆ. ‘ಮಗಳಿಗೆ ಗಂಡು ಸಿಗಲಿ, ಮೇಣದ ಬತ್ತಿ ಹಚ್ಚುತ್ತೇನೆ’ ಎನ್ನುವುದರಲ್ಲಿ ಕರಾರಿನ ಧಾಟಿ ಇದೆ ಎಂಬುದು ನಿಜ. ಆದರೆ ಬಸ್ ಚಾರ್ಜಿಗೆ ಹೊಂದಿಸಿಕೊಂಡು, ಕೂಲಿ ಬಿಟ್ಟು, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದ ತಾಯಿಯ ಮುಂದೆ ಆ ಟೀಕೆ ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಹನ್ನಳೂ ಹರಕೆಯಿಂದಲೇ ಶುರು ಮಾಡಿದಳು. ತನ್ನ ಕೈಯಲ್ಲಿ ಆಗದ ಒಂದು ಸಂಗತಿಯನ್ನು ದೇವರ ಮುಂದೆ ತಂದಿಟ್ಟವಳು ಬದುಕಿನ ಒಂದು ಕೋಣೆಯ ಬಾಗಿಲನ್ನಾದರೂ ತೆರೆದಿದ್ದಾಳೆ. ಹರಕೆ ತೀರಿದ ಮೇಲೆ ಬಾಗಿಲು ಮತ್ತೆ ಮುಚ್ಚುತ್ತದೆಯೇ ಎಂಬುದೇ ಪ್ರಶ್ನೆ. ಹರಕೆಗೆ ಲೆಕ್ಕ ಮುಗಿಯುವ ದಿನವೊಂದಿದೆ, ಅರ್ಪಣೆಗೆ ಅದಿಲ್ಲ.

ಕೋತಿಯ ಮರಿ, ಬೆಕ್ಕಿನ ಮರಿ

ಒಪ್ಪಿಸಿದ ಮೇಲೆ ಮನುಷ್ಯ ಮಾಡಬೇಕಾದ್ದೇನು? ಈ ಚರ್ಚೆ ನಮ್ಮ ನೆರೆಯಲ್ಲೇ ನಡೆದಿದೆ. ರಾಮಾನುಜಾಚಾರ್ಯರು ಬಂದು ತಂಗಿದ್ದರೆಂದು ಸಾಲಿಗ್ರಾಮ ನೆನೆಯುತ್ತದೆ, ಮೇಲುಕೋಟೆಯಂತೂ ಅವರದೇ ಊರು. ಅವರ ನಂತರ ಶ್ರೀವೈಷ್ಣವರು ಶರಣಾಗತಿಯ ವಿಚಾರದಲ್ಲಿ ಎರಡಾದರು. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು ಎಂದರು ವಡಗಲೆಯವರು. ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯೇ ಕಚ್ಚಿಕೊಂಡು ಹೋಗುತ್ತದೆ ಎಂದರು ತೆಂಗಲೆಯವರು.

ಯೂರೋಪಿನ ಕ್ರೈಸ್ತರೂ ಇದೇ ಕವಲಿನಲ್ಲಿ ನಿಂತು ವಾದಿಸಿದ್ದಾರೆ. ಮನಸ್ಸನ್ನು ಪೂರ್ತಿ ನಿಶ್ಚಲಗೊಳಿಸಿ ದೇವರೊಬ್ಬನೇ ನಡೆಸಲಿ ಎಂದು ಬೋಧಿಸಿದ ಸ್ಪೇನಿನ ಮಿಗೆಲ್ ದೆ ಮೊಲಿನೋಸ್‌ನ ಉಪದೇಶವನ್ನು 1687ರಲ್ಲಿ ರೋಮ್ ತಳ್ಳಿಹಾಕಿತು. ಯೇಸು ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ ಎಲ್ಲವನ್ನೂ ದೇವರಿಗೆ ಕೊಡುವ ಪ್ರಾರ್ಥನೆಯನ್ನು ಬರೆದರು. ಜೊತೆಗೆ ದಿನವೂ ಮನಸ್ಸಾಕ್ಷಿಯನ್ನು ಶೋಧಿಸಿಕೊಳ್ಳುವ ಕ್ರಮವನ್ನೂ ಕಲಿಸಿದರು. ಕೊಟ್ಟದ್ದು ನಿಜವೇ ಎಂದು ದಿನಾ ನೋಡಿಕೊಳ್ಳಬೇಕಲ್ಲ! ಜಾನ್ ವೆಸ್ಲಿ 1755ರಲ್ಲಿ ಒಡಂಬಡಿಕೆಯ ಆರಾಧನೆಯನ್ನು ಶುರು ಮಾಡಿದರು. ವರ್ಷಕ್ಕೊಮ್ಮೆ ಸಭೆಯೆಲ್ಲ ಒಟ್ಟಾಗಿ ನಿಂತು, ಕೆಲಸ ಕೊಟ್ಟರೂ ಸರಿ, ಬದಿಗಿಟ್ಟರೂ ಸರಿ, ನಾವು ನಿನ್ನವರು ಎಂದು ದೇವರ ಮುಂದೆ ಮತ್ತೆ ಮಾತು ಕೊಡುವ ಪದ್ಧತಿ ಅದು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು ಅದೇ ವೆಸ್ಲಿಯ ಪರಂಪರೆಯ ಮಿಷನ್. ಅದರ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು.

ಯಾರಿಗೆ ಈ ಕರೆ ಎಂಬುದೂ ವಾದದ ವಿಷಯವೇ ಆಗಿತ್ತು. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ಹಿಡಿದ ಸನ್ಯಾಸಿಗಳದ್ದೇ ಪೂರ್ಣ ಸಮರ್ಪಣೆ ಎಂಬ ಭಾವನೆ ಬಹುಕಾಲ ಇತ್ತು. ಚಮ್ಮಾರನ ಕೆಲಸವೂ ದೇವರು ಕರೆದ ಕೆಲಸವೇ ಎಂದು ಲೂಥರ್ ಅದನ್ನು ಮುರಿದರು. 17ನೇ ಶತಮಾನದ ಪ್ಯಾರಿಸ್ಸಿನ ಮಠವೊಂದರಲ್ಲಿ ಅಡುಗೆಮನೆಯ ಕೆಲಸಕ್ಕಿದ್ದ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿಯನ್ನು ಕಂಡರು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ಪಾವಿತ್ರ್ಯದ ಕರೆ ಸಂಸಾರಿಗಳೂ ಸೇರಿ ಎಲ್ಲರಿಗೂ ಇದೆ ಎಂದು ಸಾರಿತು. ಒಲೆಯ ಮುಂದೆ ಮುದ್ದೆ ಕಟ್ಟುವ ಹೆಂಗಸಿಗೆ ಈ ಮೂರು ಸಂಗತಿಗಳೂ ಗೊತ್ತಿರಲಿಕ್ಕಿಲ್ಲ. ಆದರೂ ಅವಳ ಕೈಕೆಲಸಕ್ಕೆ ಇವು ಕೊಡುವ ಮರ್ಯಾದೆ ದೊಡ್ಡದು.

ಕೊಡಲು ಮನಸ್ಸು ಬಾರದ ಜಾತಿ

ಕನ್ನಡ ನಾಡಿನಲ್ಲಿ ಪೂರ್ತಿ ಒಪ್ಪಿಸಿದವರನ್ನು ಹುಡುಕಿದರೆ ಮೊದಲು ಕಾಣುವವರಲ್ಲಿ ಹರ್ಮನ್ ಆನಂದರಾವ್ ಕೌಂಡಿಣ್ಯ ಒಬ್ಬರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣ 1844ರಲ್ಲಿ ಬಾಸೆಲ್ ಮಿಷನ್ನಿನವರಿಂದ ದೀಕ್ಷಾಸ್ನಾನ ಪಡೆದರು. ಮನೆತನ ದೂರವಾಯಿತು. ಮೊದಲ ಹೆಂಡತಿ ಅವರ ಜೊತೆ ಬರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ ಬೋಧಕರಾಗಿ ತಿರುಗಿ ಬಂದು, ಕನ್ನಡ ಸತ್ಯವೇದದ ಕೆಲಸದಲ್ಲಿ ದುಡಿದರು. ಅದೇ ಮಿಷನ್ನಿನ ಮೋಗ್ಲಿಂಗ್ ಅವರು ಪಿರಿಯಾಪಟ್ಟಣದ ಗಡಿಯಾಚೆ ಕೊಡಗಿನಲ್ಲಿ ಕಟ್ಟಿದ ಆನಂದಪುರದ ನಂಟು ಕೌಂಡಿಣ್ಯರಿಗೂ ಇತ್ತು. ಒಡೆಯರ ಜಮೀನಿಗೆ ಕಟ್ಟಿಹೋಗಿದ್ದ ದಲಿತ ಕುಟುಂಬಗಳಿಗೆ ಅಲ್ಲೊಂದು ನೆಲೆಯಾಯಿತು. ಬ್ರಾಹ್ಮಣನಾಗಿ ಹುಟ್ಟಿದವರ ಬಾಳು ಊರು ಮುಟ್ಟಿಸಿಕೊಳ್ಳದವರ ಬಾಳಿನ ಜೊತೆ ಹೀಗೆ ಕೂಡಿತು.

ಇನ್ನೊಂದು ದಾರಿಯೂ ಇತ್ತು. 17ನೇ ಶತಮಾನದಲ್ಲಿ ಮಧುರೆಯಲ್ಲಿ ಯೇಸು ಸಭೆಯ ಪಾದ್ರಿ ರಾಬರ್ಟೊ ದೆ ನೊಬಿಲಿ ಕಾವಿ ತೊಟ್ಟು, ಮಾಂಸ ಬಿಟ್ಟು, ಮೇಲುಜಾತಿಯವರ ನಡುವೆ ಬಾಳಿದರು. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ ಕೂಡ ಈ ನೆಲದ ಉಡುಪು, ಊಟ, ಮಾತು ಎಲ್ಲವನ್ನೂ ಹಿಡಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದರು. ಸಿಡುಬಿನ ಲಸಿಕೆ ಹಾಕಿಸುವುದರಲ್ಲಿ ಅವರು ಮುಂದಾಗಿ ನಿಂತರು, ಹಾಸನದ ಕಡೆಯ ಸತ್ತಿಹಳ್ಳಿಯಲ್ಲಿ ಕ್ರೈಸ್ತ ರೈತರಿಗೆ ನೆಲೆ ಮಾಡಿಕೊಟ್ಟರು. ಹೀಗೆ ಮೂರು ದಶಕ ಕೊಟ್ಟು 1823ರಲ್ಲಿ ಹಿಂದಿರುಗಿದವರು, ಹಿಂದೂಗಳು ಮನಸಾರೆ ಕ್ರೈಸ್ತರಾಗುವುದು ಆಗದ ಮಾತು ಎಂದು ಬರೆದರು. ಬದುಕು ಸವೆಸಿದವನು ಫಲ ಕಾಣದೆ ಹೋಗಬಹುದು. ಸಮರ್ಪಣೆಯ ಕಥೆಗಳಲ್ಲಿ ನಾವು ಮುಚ್ಚಿಡುವ ಭಾಗ ಇದು, ಆದರೆ ಕೊಟ್ಟದ್ದರ ಬೆಲೆ ಫಲದಿಂದಲೇ ತೂಗುವಂಥದ್ದಲ್ಲ.

ನೊಬಿಲಿಯ ದಾರಿಯಲ್ಲಿ ಒಂದು ಸಂಗತಿ ಬಾಕಿ ಉಳಿಯಿತು. ಮೇಲುಜಾತಿಗೊಬ್ಬ ಗುರು, ಕೆಳಜಾತಿಗೊಬ್ಬ ಗುರು ಎಂಬ ಏರ್ಪಾಡು ಬೆಳೆಯಿತು. ತಮಿಳುನಾಡಿನ ಕೆಲವೆಡೆ ಸಮಾಧಿಯ ನೆಲವೂ ಬೇರೆಯಾಯಿತು. ನಮ್ಮಲ್ಲಿಯೂ ಭಾನುವಾರ ಒಂದೇ ರೊಟ್ಟಿ ಮುರಿಯುವವರು ಸೋಮವಾರ ಸಂಬಂಧ ನೋಡುವಾಗ ಮೂಲ ಜಾತಿ ವಿಚಾರಿಸುವುದುಂಟು. ಇತ್ತ ಕಾನೂನು ಇನ್ನೊಂದು ಬಗೆಯಲ್ಲಿ ಕೈಬಿಟ್ಟಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದು ದೊರೆಯಿತು. ಊರಿನ ಕಣ್ಣಲ್ಲಿ ದಲಿತ, ಸರ್ಕಾರದ ಕಡತದಲ್ಲಿ ಅಲ್ಲ, ಸಭೆಯಲ್ಲಿ ಅರ್ಧ: ಇಂಥವರ ಎದುರಿಗೆ ‘ಎಲ್ಲವನ್ನೂ ಒಪ್ಪಿಸಿದ್ದೇವೆ’ ಎಂದು ಹಾಡುವ ಮೊದಲು ಸಭೆ ತನ್ನ ಲೆಕ್ಕವನ್ನು ನೋಡಿಕೊಳ್ಳಬೇಕು.

ಬ್ಯಾರನ್ನಿನ ಮುಂದೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಎಂದರೆ ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯ ಲೈಸೆನ್ಸು, ಬ್ಯಾರನ್ನು, ಹರಾಜು ಮಾರುಕಟ್ಟೆಯ ದರ, ಇವುಗಳ ಮೇಲೆ ಮನೆಯ ಮದುವೆ, ಮಕ್ಕಳ ಫೀಸು, ಬ್ಯಾಂಕಿನ ಕಂತು ನಿಂತಿವೆ. ಸೊಪ್ಪು ಹದಗೊಳಿಸಲು ಬ್ಯಾರನ್ನಿನ ಬೆಂಕಿ ಹಗಲೂ ರಾತ್ರಿ ಉರಿಯಬೇಕು, ಅದಕ್ಕೆ ಸೌದೆ ಬೇಕು. ಸುಗ್ಗಿ ಹಬ್ಬದ ದಿನ ದೇವರ ಮುಂದೆ ರಾಗಿ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ ತಂದಿಡುತ್ತೇವೆ. ಹೊಗೆಸೊಪ್ಪನ್ನು ಯಾರೂ ತಂದಿಡುವುದಿಲ್ಲ. ಆ ದುಡ್ಡಿನ ದಶಮಾಂಶ ಮಾತ್ರ ಕಾಣಿಕೆ ಪೆಟ್ಟಿಗೆಗೆ ಬೀಳುತ್ತದೆ.

ಇದರ ಬಗ್ಗೆ ಕ್ರೈಸ್ತರಲ್ಲಿ ಒಮ್ಮತವಿಲ್ಲ. ರಕ್ಷಣಾ ಸೈನ್ಯದವರು ತಂಬಾಕನ್ನು ಬಿಡುವುದನ್ನು ಸದಸ್ಯರ ಪ್ರತಿಜ್ಞೆಯಲ್ಲೇ ಸೇರಿಸಿದ್ದಾರೆ. ಅನೇಕ ಪೆಂಟಕೋಸ್ಟ್ ಸಭೆಗಳು ಬೀಡಿ ಸಿಗರೇಟನ್ನು ಪಾಪವೆಂದೇ ಹೇಳುತ್ತವೆ. ಸರ್ಕಾರವೇ ಪರವಾನಗಿ ಕೊಟ್ಟ ಬೆಳೆ, ಬೆವರಿನ ದುಡಿಮೆ, ಇದರಲ್ಲೇನು ತಪ್ಪು ಎನ್ನುವವರೂ ಇದ್ದಾರೆ. ಸೇದುವವನ ಶ್ವಾಸಕೋಶದ ಪಾಪವನ್ನೆಲ್ಲ ಎರಡೆಕರೆ ರೈತನ ತಲೆಗೆ ಹೊರಿಸುವುದು ನ್ಯಾಯವಲ್ಲ ಎಂಬುದೇ ನನ್ನ ನಿಲುವು. ಆದರೆ ಆ ಎರಡೆಕರೆಯನ್ನು ಪ್ರಾರ್ಥನೆಯ ಹೊರಗಿಡುವುದೂ ಸರಿಯಲ್ಲ. ‘ಸ್ವಾಮೀ, ಈ ಬೆಳೆಯಿಂದ ಬಿಡುಗಡೆಯ ದಾರಿ ತೋರು’ ಎಂದು ರೈತನೊಬ್ಬ ಗಟ್ಟಿಯಾಗಿ ಪ್ರಾರ್ಥಿಸಿದರೆ, ಆ ಪ್ರಾರ್ಥನೆಗೆ ಆಮೆನ್ ಎಂದ ಸಭೆಯ ಮೇಲೂ ಹೊಣೆ ಬೀಳುತ್ತದೆ. ಬೇರೆ ಬೆಳೆಗೆ ಮಾರುಕಟ್ಟೆ ಹುಡುಕುವುದು, ಸಾಲಕ್ಕೆ ಜೊತೆ ನಿಲ್ಲುವುದು, ಸುಟ್ಟ ಸೌದೆಗೆ ಪ್ರತಿಯಾಗಿ ಗಿಡ ನೆಡುವುದು ಆಗ ಭಕ್ತಿಯ ಭಾಗವೇ ಆಗುತ್ತದೆ. ಸತ್ಯವೇದದಲ್ಲಿ ‘ಮನೆವಾರ್ತೆಯವನು’ ಎಂಬ ಸೊಗಸಾದ ಪದವಿದೆ. ಮನೆ ಅವನದಲ್ಲ, ವಾರ್ತೆ ಅವನದು. ಪಹಣಿಯಲ್ಲಿ ನಮ್ಮ ಹೆಸರಿದ್ದರೂ ಭೂಮಿಯ ಮಟ್ಟಿಗೆ ನಾವು ಅಂಥವರೇ.

ಕಿತ್ತುಕೊಂಡದ್ದು ಒಪ್ಪಿಸಿದ್ದಲ್ಲ

ಇನ್ನೊಂದು ಮಾತನ್ನು ಈ ನೆಲದಲ್ಲಿ ನಿಂತು ಹೇಳದಿದ್ದರೆ ತಪ್ಪಾದೀತು. ಕಬಿನಿ ಜಲಾಶಯಕ್ಕೆ ಕಾಡು ಮುಳುಗಿತು, ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಹಾಡಿ ಬಿಟ್ಟು ಹೊರಬಂದವು. ಅವರ ಮುಂದೆ ನಿಂತು ಎಲ್ಲವನ್ನೂ ಬಿಟ್ಟುಕೊಡಿ ಎಂದು ಬೋಧಿಸುವ ಬಾಯಿ ನಡುಗಬೇಕು. ಒಪ್ಪಿಸುವುದಕ್ಕೆ ಮೊದಲು ಅದು ನಮ್ಮ ಕೈಯಲ್ಲಿರಬೇಕು. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಬಡ ವಿಧವೆ ಎರಡು ಕಾಸು ಹಾಕುವ ಕಥೆಗೆ ತುಸು ಮುಂಚೆಯೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾರೆ. ಆಕೆಯನ್ನು ಹೊಗಳುವ ನಾವು ಆ ಖಂಡನೆಯನ್ನು ಹಾರಿಸಿ ಓದುತ್ತೇವೆ.

ದೇವರಿಗೆ ಒಪ್ಪಿಸು ಎಂಬ ಮಾತನ್ನು ಮನುಷ್ಯರು ತಮಗೆ ಒಪ್ಪಿಸಿಕೊಳ್ಳಲು ಬಳಸಿದ್ದಾರೆ. 1978ರ ನವೆಂಬರ್‌ನಲ್ಲಿ ಗಯಾನದ ಜೋನ್ಸ್‌ಟೌನ್‌ನಲ್ಲಿ ಜಿಮ್ ಜೋನ್ಸ್ ಎಂಬ ಬೋಧಕನನ್ನು ನಂಬಿ ಹೋದ 900ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದೂರ ಹೋಗಬೇಕಿಲ್ಲ. ಹೊಡೆಯುವ ಗಂಡನ ಮನೆಯಲ್ಲೇ ಸಹಿಸಿಕೊಂಡಿರು, ಇದು ನಿನ್ನ ಶಿಲುಬೆ ಎನ್ನುವ ಬುದ್ಧಿಮಾತು, ಮಾತ್ರೆ ಬಿಟ್ಟರೇ ನಂಬಿಕೆ ಎನ್ನುವ ಒತ್ತಾಯ, ಇವೂ ಅದೇ ಜಾತಿಯವು. 1906ರಿಂದ ಮೈಸೂರಿನಲ್ಲಿ ನಡೆದು ಬಂದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಪ್ರಾರ್ಥನೆಯೂ ಔಷಧಿಯೂ ಒಂದೇ ಸೂರಿನಡಿ ಇರಬಹುದೆಂದು ಅದನ್ನು ಕಟ್ಟಿದವರಿಗೆ ಅನುಮಾನವಿರಲಿಲ್ಲ.

ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಸಭೆಯನ್ನೂ ನುಂಗಲು ಬಂದಾಗ, 1934ರಲ್ಲಿ ಬಾರ್ಮೆನ್ ಎಂಬಲ್ಲಿ ಸೇರಿದ ಕ್ರೈಸ್ತರು, ಬದುಕಿನ ಯಾವ ಭಾಗವೂ ಕ್ರಿಸ್ತನನ್ನು ಬಿಟ್ಟು ಬೇರೆ ಒಡೆಯರಿಗೆ ಸೇರಿದ್ದಲ್ಲ ಎಂದು ಘೋಷಿಸಿದರು. ‘ಎಲ್ಲವೂ ದೇವರದು’ ಎಂಬ ಮಾತಿನ ಇನ್ನೊಂದು ಮುಖ ಇದು: ದೇವರಿಗೆ ಪೂರ್ತಿ ಒಪ್ಪಿಸಿದವನನ್ನು ಬೇರೆ ಯಾರೂ ಪೂರ್ತಿ ಕೊಳ್ಳಲಾಗದು. ಆ ಬಳಗದ ದೇವಶಾಸ್ತ್ರಿ ಬಾನ್‌ಹೋಫರ್ ಅವರನ್ನು ಹಿಟ್ಲರನ ಆಳ್ವಿಕೆ 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿತು. ನಿಜವಾದ ಸಮರ್ಪಣೆ ಮನುಷ್ಯನ ಬೆನ್ನನ್ನು ನೆಟ್ಟಗೆ ಮಾಡುತ್ತದೆ. ಬೆನ್ನು ಬಾಗಿಸುವ ಬೋಧನೆ ಬಂದಲ್ಲಿ ಅದು ಯಾರ ಬಾಯಿಂದ ಬಂತೆಂದು ನೋಡಬೇಕು.

ರಾತ್ರಿಯ ಲೆಕ್ಕ

ಇಷ್ಟೆಲ್ಲ ನೋಡಿ ಬಂದ ಮೇಲೆ ನನಗೆ ಉಳಿದದ್ದು ಇಷ್ಟು. ಬದುಕನ್ನು ಒಂದೇ ಏಟಿಗೆ ಪೂರ್ತಿಯಾಗಿ ಒಪ್ಪಿಸಿದೆನೆಂದು ಹೇಳುವುದು ಸುಲಭ, ಏಕೆಂದರೆ ಆ ‘ಪೂರ್ತಿ’ಯಲ್ಲಿ ಯಾವುದಕ್ಕೂ ಹೆಸರಿರುವುದಿಲ್ಲ. ಹೆಸರು ಹಿಡಿದು ಒಂದೊಂದನ್ನೇ ಇಡುವುದು ಕಷ್ಟ: ಈ ಸರ್ವೆ ನಂಬರು, ಈ ಸಾಲ, ತಮ್ಮನ ಮೇಲಿನ ಈ ಸಿಟ್ಟು, ಮಗಳು ಒಲಿದವನ ಜಾತಿ. ಇಟ್ಟ ಪ್ರತಿಯೊಂದೂ ಹೊಣೆಯಾಗಿ ತಿರುಗಿ ನಮ್ಮ ಕೈಗೇ ಬರುತ್ತದೆ, ನಾಳೆ ಅದರ ಲೆಕ್ಕ ಕೊಡಬೇಕಾಗುತ್ತದೆ.

ಹದ ಮಾಡುವ ದಿನಗಳಲ್ಲಿ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಒಬ್ಬರು ಎದ್ದಿರಲೇಬೇಕು. ಉರಿ ತಗ್ಗಿದರೂ ಸೊಪ್ಪು ಕೆಡುತ್ತದೆ, ಹೆಚ್ಚಿದರೂ ಕೆಡುತ್ತದೆ. ಆ ಹೊತ್ತಿನಲ್ಲಿ ಜಪಸರ ಹಿಡಿದವರಿದ್ದಾರೆ, ಫೋನಿನಲ್ಲಿ ಭಕ್ತಿಗೀತೆ ಕೇಳುವವರಿದ್ದಾರೆ, ಸುಮ್ಮನೆ ಬೆಂಕಿ ನೋಡುತ್ತ ಕೂತವರೂ ಇದ್ದಾರೆ. ದೇವರ ಮುಂದೆ ಬದುಕನ್ನು ಬಿಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಬೆಂಕಿ, ಸೌದೆ, ಸಾಲ, ಮನೆಯೊಳಗೆ ಮಲಗಿದ ಮಕ್ಕಳು ಎಲ್ಲ ಅಲ್ಲೇ ಇವೆ. ಒಂದೊಂದರ ಹೆಸರು ಹೇಳುತ್ತ ಹೋದರೆ ಬೆಳಗಾಗುತ್ತದೆ. ಬೆಳಗಾದ ಮೇಲೆ ಎದ್ದು ಆ ಹೆಸರುಗಳಿಗೆ ಆಗಬೇಕಾದ ಕೆಲಸ ಮಾಡಬೇಕು.